ಫಲಕದ ಅಂಗಡಿಯ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಕಂಪನಿಗಳು ನೌಕರರಿಗೆ ಕೊಡುವ ಗೌರವ ಫಲಕಗಳಿಗೆ ಆರ್ಡರ್ ಕಡಿಮೆ, ಬಂದವರೂ ರೇಟು ಇಳಿಸು ಅನ್ನುತ್ತಾರೆ ಎಂದು ಬರೆದಿದ್ದೀಯ. ರೇಟಿಗೆ ಕೈ ಹಾಕಬೇಡ. ಫಲಕಕ್ಕೆ 900 ರೂಪಾಯಿ, ಅಸಲು 600 ಎಂದಿಟ್ಟುಕೋ. ನೂರಕ್ಕೆ 30,000 ಉಳಿಯುತ್ತದೆ. ಶೇ. 15 ಬಿಟ್ಟರೆ ಬೆಲೆ 765, ಒಂದಕ್ಕೆ ಉಳಿಯುವುದು 165, ಅದೇ 30,000 ಕಾಣಲು 182 ಫಲಕ ಕೆತ್ತಬೇಕು. ಕಂಪನಿಯ ಖರೀದಿ ವಿಭಾಗದವರ ಕಡತಕ್ಕೆ ಒಮ್ಮೆ ಹೋದ 765 ಮತ್ತೆ 900 ಆಗುವುದು ಕಷ್ಟ. ಬಜೆಟ್ ಇಲ್ಲ ಅಂದವರಿಗೆ ಕ್ರಿಸ್ಟಲ್ ಬದಲು ಅಕ್ರಿಲಿಕ್ ತೋರಿಸು. ಉಡುಗೊರೆಯಾಗಿ ಹಂಚುವ ವಸ್ತುವಿಗೆ ಕಂಪನಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯ ಹೊಂದಾಣಿಕೆ) ದಕ್ಕುವುದಿಲ್ಲ, ಅದಕ್ಕೇ ಕೊಟೇಶನ್ನಿನಲ್ಲಿ ತೆರಿಗೆ ಸೇರಿಸಿಯೇ ಬರೆ. ಆಮೇಲೆ ಜಗಳ ಬೇಡ.

ಹೊಸ ಗಿರಾಕಿ ಹುಡುಕುತ್ತಾ ಅಲೆಯುವ ಮೊದಲು ಹಳೆಯ ಗಿರಾಕಿ ಕಂಪನಿಗಳ ನೌಕರರಿಗೆ ಸೇವೆಯ ವರ್ಷ ತುಂಬುವ ತಾರೀಖು ನೋಡು. ‘ತಿಂಗಳ ಉತ್ತಮ ನೌಕರ’ ಬಹುಮಾನ ನಿಂತರೆ ಹೋಯಿತು, ಮತ್ತೆ ಬರುವುದಿಲ್ಲ. ಐದು, ಹತ್ತು, ಇಪ್ಪತ್ತೈದು ವರ್ಷದ ಸೇವಾ ಫಲಕ ಹಾಗಲ್ಲ, ಎಷ್ಟೋ ಕಡೆ ಅದು ರದ್ದಾಗಿರುವುದಿಲ್ಲ, ಮುಂದೆ ಹೋಗಿರುತ್ತದೆ. ಎಚ್‌ಆರ್‌ನವರಿಗೆ ಎರಡು ಸಾಲು ಬರೆ: ‘ಕಳೆದ ಎರಡು ವರ್ಷದಲ್ಲಿ ಫಲಕ ಸಿಗದೆ ಉಳಿದ ನೌಕರರೆಷ್ಟು?’ ಆ ಬಾಕಿ ಪಟ್ಟಿಯೇ ನಿನ್ನ ಮೊದಲ ಆರ್ಡರ್.

ಇನ್ನೊಂದು ಲೆಕ್ಕ. ಬೆಂಗಳೂರಿನ ಐಟಿಯವರು 2021-22ರಲ್ಲಿ ಸಾವಿರಗಟ್ಟಲೆ ಹುಡುಗರನ್ನು ತೆಗೆದುಕೊಂಡರು. ಅರ್ಧಕ್ಕೆ ಬಿಟ್ಟುಹೋದವರನ್ನು ಕಳೆದರೂ ಉಳಿದವರಿಗೆ 2026-27ರಲ್ಲಿ ಐದು ತುಂಬುತ್ತದೆ. ಆ ಭರಾಟೆ ಕಂಡು ಸಾಲ ಮಾಡಿ ಎರಡನೇ ಲೇಸರ್ ಮೆಷಿನ್ ತಂದೀಯ, ಜೋಕೆ! 2023-24ರಲ್ಲಿ ಅದೇ ಕಂಪನಿಗಳು ನೇಮಕ ಬಿಗಿ ಹಿಡಿದವು, 2028-29ರಲ್ಲಿ ಐದು ವರ್ಷದ ಫಲಕ ಆ ಮಟ್ಟಿಗೆ ಕಡಿಮೆಯೇ. ಹೆಚ್ಚಿನ ಕೆಲಸವನ್ನು ಹೊರಗೆ ಕೂಲಿಗೆ ಕೊಟ್ಟು ಮಾಡಿಸು.

ದುಡ್ಡಿನ ವಿಷಯ: ಅರ್ಧ ಮುಂಗಡ ಬರದೆ ಖಾಲಿ ಫಲಕ ಖರೀದಿಸಬೇಡ, ಹೆಸರು ಕೆತ್ತಿದ್ದನ್ನು ಇನ್ನೊಬ್ಬರಿಗೆ ಮಾರಲಾಗದು. ಸಣ್ಣ ಉದ್ಯಮಗಳಿಗಿರುವ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿಯನ್ನು ತಯಾರಿಕೆಯಡಿ ಮಾಡಿಸು, ಬರೀ ವ್ಯಾಪಾರ ಎಂದಿದ್ದರೆ ಬಾಕಿ ವಸೂಲಿಯ ರಕ್ಷಣೆ ಸಿಗುವುದು ಕಷ್ಟ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಗಿರಾಕಿ ಹಣ ಕೊಡುವುದು 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಸಂಖ್ಯೆ ಪ್ರತಿ ಬಿಲ್ಲಿನ ಮೇಲೂ ಇರಲಿ. ದೂರು ಕೊಡುವುದು ಆಮೇಲಿನ ಮಾತು. ಎಷ್ಟೋ ಸಲ ಆ ಸಂಖ್ಯೆ ಕಂಡರೇ ಅಕೌಂಟ್ಸ್‌ನವರು ಬಿಲ್ಲನ್ನು ಮೇಲಕ್ಕೆ ತರುತ್ತಾರೆ.

ಕೈ ಬಿಗಿಯಾದಾಗ ನಷ್ಟ ಆಗುವುದು ಮರುಕೆತ್ತನೆಯಲ್ಲಿ. ಅಗ್ಗವೆಂದು ಎಕ್ಸ್‌ಟ್ರೂಡೆಡ್ (ಯಂತ್ರದಲ್ಲಿ ಒತ್ತಿ ತೆಗೆದ) ಅಕ್ರಿಲಿಕ್ ತಂದರೆ ಲೇಸರಿನ ಅಕ್ಷರ ಮಸುಕು. ಕಾಸ್ಟ್ ಶೀಟಿನಲ್ಲಿ (ಅಚ್ಚಿಗೆ ಸುರಿದು ಮಾಡಿದ ಹಾಳೆಯಲ್ಲಿ) ಮಾತ್ರ ಹಿಮದ ಹಾಗೆ ಬೆಳ್ಳಗೆ ಏಳುತ್ತದೆ. ಕತ್ತರಿಸಿದ ಅಂಚನ್ನು ಸ್ಪಿರಿಟ್ಟಿನಲ್ಲೋ ಸ್ಯಾನಿಟೈಸರಿನಲ್ಲೋ ಒರೆಸುವ ಹುಡುಗರನ್ನು ತಡೆ. ಲೇಸರಿನ ಬಿಸಿಗೆ ಅಂಚು ಒಳಗೇ ಬಿಗಿದುಕೊಂಡಿರುತ್ತದೆ, ಸ್ಪಿರಿಟ್ ತಾಗಿದರೆ ಜೇಡರಬಲೆಯಂಥ ಬಿರುಕು, ಕೆಲವೊಮ್ಮೆ ಮಾರನೆಯ ದಿನ ಡಬ್ಬಿ ತೆರೆದಾಗ. ಸೋಪುನೀರು, ಮೆತ್ತನೆ ಬಟ್ಟೆ ಸಾಕು.

ರಾಜ್ಯೋತ್ಸವದ ಕನ್ನಡ ಫಲಕಗಳಿಗೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಹೆಸರು ಯೂನಿಕೋಡ್ ಫೈಲಿನಲ್ಲಿ ಕಲಸುಮೇಲೋಗರವಾಗುತ್ತದೆ. ಪರಿವರ್ತಿಸಿ, ಓದಿ ನೋಡಿ, ಅಕ್ಷರವನ್ನು ಕರ್ವ್ (ಫಾಂಟ್ ಬೇಡದ ಗೆರೆಚಿತ್ರ) ಮಾಡಿದ ಮೇಲೆಯೇ ಮೆಷಿನ್ನಿಗೆ ಕಳಿಸು. ಅಕ್ಷರ ಚಿಕ್ಕದಾದರೆ ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ; ‘ಕೃಷ್ಣಪ್ಪ’ ಎಂದು ಒಂದು ಚೂರಿನ ಮೇಲೆ ಕೆತ್ತಿ ನೋಡು. ನೂರಕ್ಕೆ ಮೂರು ಖಾಲಿ ಫಲಕ ಹೆಚ್ಚುವರಿ ಇರಲಿ. ಇನಿಷಿಯಲ್ ಮುಂದೋ ಹಿಂದೋ ಎಂದು ಎಚ್‌ಆರ್‌ನವರ ಮೇಲ್ ಒಪ್ಪಿಗೆ ಪಡೆ, ಕೆತ್ತುವ ಬೆಳಗ್ಗೆ ಪಟ್ಟಿಯನ್ನು ಮತ್ತೊಮ್ಮೆ ಕೇಳು. ಅಷ್ಟರಲ್ಲಿ ಕೆಲಸ ಬಿಟ್ಟವರ ಹೆಸರು ಅದರಲ್ಲಿ ಇದ್ದೇ ಇರುತ್ತದೆ.

ಬಾಕಿ ಪಟ್ಟಿ ಕೇಳುವ ಪತ್ರ ಈ ವಾರವೇ ಹೋಗಲಿ. ಉಳಿದ ಬಜೆಟ್ಟನ್ನು ಎಷ್ಟೋ ಕಂಪನಿಗಳು ಮಾರ್ಚ್ 31ರೊಳಗೆ ಖರ್ಚು ಮಾಡಬೇಕು.

ಇಂತಿ,
ನಿನ್ನ ಮಾವ