ಬೇಸಿಗೆ ಉತ್ಸವದ ತಿಂಡಿ ಸ್ಟಾಲ್: ಅಡುಗೆ ಬಾರದವರೂ ಬನ್ನಿ

ಪ್ರಿಯ ಪೋಷಕರೇ,

ನಮಸ್ಕಾರ. ಬೇಸಿಗೆ ಉತ್ಸವದಲ್ಲಿ ನಮ್ಮ ಶಾಲೆಯ ತಿಂಡಿ ಸ್ಟಾಲ್ ಈ ಸಲವೂ ಇರುತ್ತದೆ. ನಡೆಸಲು ನಿಮ್ಮ ಸಹಾಯ ಬೇಕು. "ನಂಗೆ ಅಡುಗೆ ಬರಲ್ಲ ಮೇಡಂ, ಬಂದು ಏನು ಮಾಡಲಿ?" ಎಂದು ಕೇಳುವವರು ಪ್ರತಿ ಸಲ ಇರುತ್ತಾರೆ. ಈ ಪತ್ರ ಮುಖ್ಯವಾಗಿ ಅವರಿಗೇ.

ಒಲೆ ಮುಂದೆ ಒಬ್ಬಿಬ್ಬರು ಸಾಕು. ಜನ ಸಾಲದೆ ಹೋಗುವುದು ಉಳಿದ ಕಡೆ. ಸಾಲು ನೋಡಿಕೊಳ್ಳಬೇಕು, ನೀರು ತುಂಬಿಸಬೇಕು, ತಟ್ಟೆ ಎತ್ತಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಗಲ್ಲಾ ಹತ್ತಿರ ಯಾರಾದರೂ ಕೂರಬೇಕು. ದುಡ್ಡು ಮುಟ್ಟುವವರು ತಿಂಡಿ ಮುಟ್ಟಬಾರದು, ಅಲ್ವಾ? ಜನ ಕಮ್ಮಿ ಇದ್ದಾಗ ಏನಾಗುತ್ತದೆ ನೋಡಿ: ನೋಟು ತೆಗೆದುಕೊಂಡ ಕೈಯೇ ಚಿಲ್ಲರೆ ಎಣಿಸುತ್ತದೆ, ಬೆವರು ಒರೆಸುತ್ತದೆ, ಹಾಗೇ ತಟ್ಟೆಗೂ ಬಡಿಸುತ್ತದೆ. ಗ್ಲೌಸ್ ಹಾಕಿಕೊಂಡೇ ನೋಟು ಹಿಡಿದರೆ ಆ ಗ್ಲೌಸ್ ಇದ್ದೂ ಇಲ್ಲದ ಹಾಗೆ. ಗಲ್ಲಾಕ್ಕೆ ಬೇರೆಯವರೇ ಇದ್ದರೆ ಈ ತೊಂದರೆ ಇಲ್ಲ.

ಅಡುಗೆ ಕಡೆ ನಿಲ್ಲುವವರು ಹೊತ್ತಿನ ಮೇಲೆ ಕಣ್ಣಿಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಹೆಚ್ಚುತ್ತವೆ. ಬೇಯಿಸಿದ್ದನ್ನು 2 ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಸುಡು ಬಿಸಿಲಲ್ಲಿ ಅಷ್ಟು ಹೊತ್ತೂ ಬೇಡ. ಬೆಳಿಗ್ಗೆಯೇ ದೊಡ್ಡ ಪಾತ್ರೆ ತುಂಬ ಮಾಡಿಡುವ ಬದಲು ಸ್ವಲ್ಪ ಸ್ವಲ್ಪವೇ ಮಾಡೋಣ. ಜನ ಕಾಯಬೇಕಾದರೆ ಕಾಯಲಿ ಬಿಡಿ. ಕೈಯನ್ನು ಸೋಪು ಹಚ್ಚಿ 20 ಸೆಕೆಂಡ್ ತೊಳೆಯಬೇಕು. ಜಿಡ್ಡು ಕೈಗೆ ಸುಮ್ನೆ ಸ್ಯಾನಿಟೈಸರ್ ಹಚ್ಚಿದರೆ ಸಾಲದು. ವಾಂತಿ ಭೇದಿ ಆಗಿದ್ದವರು ಅದು ನಿಂತು 48 ಗಂಟೆ ಕಳೆಯುವ ತನಕ ಸ್ಟಾಲಿಗೆ ಬರಬಾರದು. ಹೆಸರು ಕೊಟ್ಟಿದ್ದೇವಲ್ಲ ಎಂಬ ಸಂಕೋಚ ಬೇಡ, ಒಂದು ಫೋನ್ ಮಾಡಿದರೆ ಸಾಕು.

ಇನ್ನೊಂದು ಮಾತು. "ಇದಕ್ಕೆ ಕಡಲೆಬೀಜ ಹಾಕಿದ್ದೀರಾ?" "ಹಾಲು ಇದೆಯಾ?" ಎಂದು ಯಾರಾದರೂ ಕೇಳಿದರೆ ಅಂದಾಜಿನ ಮೇಲೆ ಉತ್ತರ ಕೊಡಬೇಡಿ. "ಸ್ವಲ್ಪ ತಿಂದರೆ ಏನೂ ಆಗಲ್ಲ" ಎಂದಂತೂ ಹೇಳಲೇಬೇಡಿ. ಅಲರ್ಜಿ ಇರುವವರಿಗೆ ಒಂದೇ ಸೌಟು ಎರಡು ಪಾತ್ರೆಗೆ ಹೋಗಿದ್ದರೂ ಉಸಿರು ಕಟ್ಟಬಹುದು. ಮಾಡಿದವರನ್ನು ಕೇಳಿಯೇ ಹೇಳಿ.

ಮಕ್ಕಳು ಒಲೆ, ಬಿಸಿ ಎಣ್ಣೆ ಹತ್ತಿರ ಸುಳಿಯುವಂತಿಲ್ಲ. ದೊಡ್ಡ ತರಗತಿಯವರಿಗೆ ಟೋಕನ್ ಕೆಲಸ ಕೊಡುತ್ತೇವೆ. ಕ್ಲಾಸಿನಲ್ಲಿ ಬಾಯಿಯೇ ಬಿಡದ ಮಕ್ಕಳು ಅಲ್ಲಿ ಗಂಟಲು ಹರಿಯುವಂತೆ ನಂಬರ್ ಕೂಗುತ್ತಾರೆ! ಅವರು ಚಿಲ್ಲರೆ ಲೆಕ್ಕ ಹಾಕುವಾಗ ದಯವಿಟ್ಟು ನೀವು ಮಧ್ಯೆ ಬಾಯಿ ಹಾಕಬೇಡಿ. ತಡವಾದರೂ ಅವರೇ ಎಣಿಸಲಿ.

ಒಂದೊಂದು ಪಾಳಿ ಎರಡು ಗಂಟೆ. ತಲೆಗೆ ಟೋಪಿ ಅಥವಾ ಬಟ್ಟೆ, ಕುಡಿಯಲು ನೀರು, ಕಾಲು ಪೂರ್ತಿ ಮುಚ್ಚುವ ಶೂ ಇರಲಿ. ಈ ಪತ್ರದ ಕೆಳಗಿನ ಚೀಟಿಯಲ್ಲಿ ನಿಮಗೆ ಆಗುವ ಹೊತ್ತು ಬರೆದು ಮಗುವಿನ ಡೈರಿಯಲ್ಲಿಟ್ಟು ಕಳಿಸಿ. ಕೊನೆಯ ಪಾಳಿಗೆ ಯಾವಾಗಲೂ ಹೆಸರು ಕಮ್ಮಿ. ಪಾತ್ರೆ ತೊಳೆಯುವ ಹೊತ್ತು ಅದು, ಗೊತ್ತಲ್ಲ! ನಾನು ಆ ಪಾಳಿಯಲ್ಲೇ ಇರುತ್ತೇನೆ. ಜೊತೆಗೆ ಇನ್ನೂ ನಾಲ್ಕು ಜನ ಬೇಕು.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕಿ