ಕಮಾಂಡರ್ ಸಾಮಂತ್ ಅವರನ್ನೂ ನೆನೆಯೋಣ

ಮಾನ್ಯರೆ,

ಡಿಸೆಂಬರ್ 4 ಬಂತೆಂದರೆ ನೌಕಾಪಡೆ ದಿನ. ಕರಾಚಿಯ ಮೇಲೆ ನಮ್ಮ ಕ್ಷಿಪಣಿ ದೋಣಿಗಳು ಮಾಡಿದ ದಾಳಿಯನ್ನು ಎಲ್ಲರೂ ನೆನೆಯುತ್ತಾರೆ. ನೆನೆಯಲೇಬೇಕು. ಆದರೆ ಅದೇ 1971ರಲ್ಲಿ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶದ) ನದಿಗಳಲ್ಲಿ ನಡೆದ ಕೆಲಸದ ಮಾತನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ನನಗೆ ಇದು ತುಂಬಾ ಬೇಸರದ ವಿಷಯ.

ಕಮಾಂಡರ್ ಮೋಹನ್ ನಾರಾಯಣ ರಾವ್ ಸಾಮಂತ್ ಜಲಾಂತರ್ಗಾಮಿ ಅಧಿಕಾರಿ. 1969ರಲ್ಲಿ ನೌಕಾಪಡೆ ಸೇರಿದ 'ಕರಂಜ್' ಜಲಾಂತರ್ಗಾಮಿಗೆ ಮೊದಲ ಕ್ಯಾಪ್ಟನ್ ಅವರೇ. 1971ರಲ್ಲಿ ಅವರಿಗೆ ಬೇರೆಯದೇ ಹೊಣೆ ಬಂತು. ಫ್ರಾನ್ಸ್‌ನ ತೂಲೋನ್‌ನಲ್ಲಿ ಪಾಕಿಸ್ತಾನದ 'ಮಾಂಗ್ರೊ' ಜಲಾಂತರ್ಗಾಮಿ ಬಿಟ್ಟು ಎಂಟು ಬಂಗಾಳಿ ನಾವಿಕರು ತಪ್ಪಿಸಿಕೊಂಡು ಭಾರತಕ್ಕೆ ಬಂದಿದ್ದರು. ಅವರನ್ನು ಮುಂದಿಟ್ಟುಕೊಂಡು ನೌಕಾ ಗುಪ್ತಚರ ವಿಭಾಗದ ಮುಖ್ಯಸ್ಥ ಕ್ಯಾಪ್ಟನ್ ಎಂ.ಕೆ. ರಾಯ್ ಗುಟ್ಟಾಗಿ ಈಜುಗಾರರ ಪಡೆ ಕಟ್ಟಿದರು. ಅದನ್ನು ನಡೆಸಿದವರು ಸಾಮಂತ್. ಪ್ಲಾಸಿಯ ಹತ್ತಿರ ಭಾಗೀರಥಿ ದಂಡೆಯಲ್ಲಿ ಶಿಬಿರ. ತರಬೇತಿಗೆ ಬಂದವರಲ್ಲಿ ಜಾಸ್ತಿ ಮಂದಿ ಬಂಗಾಳಿ ಕಾಲೇಜು ಹುಡುಗರು, ರೈತರ ಮಕ್ಕಳು. ಎದೆಗೆ ಗಮಛಾದಲ್ಲಿ (ಹತ್ತಿಯ ಅಂಗವಸ್ತ್ರ) ಲಿಂಪೆಟ್ ಮೈನ್, ಅಂದರೆ ಹಡಗಿಗೆ ಅಂಟಿಕೊಳ್ಳುವ ಸ್ಫೋಟಕ, ಕಟ್ಟಿಕೊಂಡು ಕತ್ತಲಲ್ಲಿ ಈಜಬೇಕು. ಹಡಗಿನ ತಳದ ಪಾಚಿಯನ್ನು ಚಾಕುವಿನಿಂದ ಕೆರೆದು ಮೈನ್ ಅಂಟಿಸಬೇಕು. ಸದ್ದಿಲ್ಲದೆ ವಾಪಸ್ ಬರಬೇಕು. ಯಾವಾಗ ಹೊರಡಬೇಕೆಂಬ ಸೂಚನೆ ಕಲ್ಕತ್ತಾ ಆಕಾಶವಾಣಿಯ ಎರಡು ಹಾಡುಗಳಿಂದ ಬಂತು. ಆಗಸ್ಟ್ ನಡುವೆ ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್‌ಗಳಲ್ಲಿ ಹಡಗುಗಳು ಸ್ಫೋಟಗೊಂಡವು. ಯುದ್ಧ ಇನ್ನೂ ಶುರುವಾಗಿರಲಿಲ್ಲ. ಹಾಗಾಗಿ ಇದು ನಮ್ಮ ಕೆಲಸವೆಂದು ಸರ್ಕಾರ ಹೇಳಿಕೊಳ್ಳುವಂತೆಯೂ ಇರಲಿಲ್ಲ.

ಡಿಸೆಂಬರ್‌ನಲ್ಲಿ ಯುದ್ಧ ಶುರುವಾದ ಮೇಲೆ ನಮ್ಮ ನೌಕಾಪಡೆಯ 'ಪನ್ವೇಲ್' ಮತ್ತು ಬಾಂಗ್ಲಾ ವಿಮೋಚನೆಗಾಗಿ ಹೋರಾಡುತ್ತಿದ್ದ ಮುಕ್ತಿವಾಹಿನಿಯ 'ಪದ್ಮಾ', 'ಪಲಾಶ್' ದೋಣಿಗಳೊಂದಿಗೆ ಸಾಮಂತ್ ಮೊಂಗ್ಲಾ ದಾಟಿ ಖುಲ್ನಾ ಕಡೆ ನುಗ್ಗಿದರು. 10ರಂದು ನಮ್ಮದೇ ವಿಮಾನಗಳು ಶತ್ರುವೆಂದು ತಪ್ಪಾಗಿ ತಿಳಿದು ಬಾಂಬ್ ಹಾಕಿದವು. ಪದ್ಮಾ, ಪಲಾಶ್ ಎರಡೂ ಮುಳುಗಿದವು. ನೀರಿಗೆ ಬಿದ್ದವರನ್ನು ಪನ್ವೇಲ್ ಎತ್ತಿಕೊಂಡಿತು. ಪಲಾಶ್‌ನಲ್ಲಿದ್ದ ಬಂಗಾಳಿ ನಾವಿಕ ರುಹುಲ್ ಅಮೀನ್ ಅಂದೇ ಪ್ರಾಣ ಬಿಟ್ಟರು. ಬಾಂಗ್ಲಾದೇಶ ಅವರಿಗೆ ತನ್ನ ಅತಿ ದೊಡ್ಡ ಶೌರ್ಯ ಪದಕ ಕೊಟ್ಟಿತು. ನಮ್ಮಲ್ಲಿ ಸಾಮಂತ್, ಪನ್ವೇಲ್ ನಡೆಸಿದ ನೊರೊನ್ಹಾ, ಪದ್ಮಾದಲ್ಲಿದ್ದ ನಾವಿಕ ಚಿಮನ್ ಸಿಂಗ್ ಮೂವರಿಗೂ ಮಹಾವೀರ ಚಕ್ರ ಬಂತು.

ಸಾಮಂತ್ 2019ರಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಗುಟ್ಟಾಗಿಡಬೇಕಾದ ಕಾಲ ಎಂದೋ ಮುಗಿದಿದೆ, ಅಲ್ವಾ? ಕಾರವಾರದ ಕಡಲ ತೀರದ ಯುದ್ಧನೌಕೆ ಸಂಗ್ರಹಾಲಯಕ್ಕೆ ಶಾಲೆ ಮಕ್ಕಳು ಪ್ರವಾಸ ಬರುತ್ತಾರೆ. ಅಲ್ಲಿ ಈ ಕಾರ್ಯಾಚರಣೆಯ ಬಗ್ಗೆ ಕನ್ನಡದಲ್ಲಿ ಒಂದು ಫಲಕ ಇರಲಿ. ಅದರಲ್ಲಿ ಸಾಮಂತ್ ಹೆಸರಿನ ಜೊತೆಗೆ ಆ ಬಂಗಾಳಿ ಹುಡುಗರ ಕಥೆಯೂ ಇರಬೇಕು. ಜಿಲ್ಲಾಡಳಿತ ಮತ್ತು ನೌಕಾಪಡೆ ಮುಂದಿನ ಡಿಸೆಂಬರ್‌ಗೆ ಮೊದಲೇ ಇದನ್ನು ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಕಾರವಾರ