ಬಿಡಿಸಿದ ಸಿಂಹದ ಹುಬ್ಬು

ಮಾನ್ಯ ಸಂಪಾದಕರೇ,

ಹಳೆಯ ಅನಿಮೇಷನ್ ಚಿತ್ರಗಳನ್ನು ಕಂಪ್ಯೂಟರ್ ತಂತ್ರಜ್ಞಾನದಿಂದ ಮತ್ತೆ ತಯಾರಿಸುತ್ತಿರುವ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕೂದಲು ಕೂದಲೂ ಬೇರೆಯಾಗಿ ಅಲುಗುವ ಸಿಂಹ, ನಿಜವೆಂದೇ ನಂಬಿಸುವ ಕಾಡು ಎಲ್ಲವನ್ನೂ ಲೇಖಕರು ಮನಸಾರೆ ಮೆಚ್ಚಿದ್ದಾರೆ. ‘ಹಳೆಯ ಚಿತ್ರಗಳಿಗೆ ಕೊನೆಗೂ ಜೀವ ಬಂತು’ ಎಂಬ ಮಾತೂ ಅದರಲ್ಲಿತ್ತು. ಆ ಒಂದು ಮಾತಿಗಾಗಿ ಈ ಪತ್ರ ಬರೆಯಲು ಕೂತೆ.

ನಾನು 31 ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು. ಪ್ರತಿ ವರ್ಷ ಏಳನೇ ತರಗತಿಯ ಮಕ್ಕಳಿಗೆ ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದರಂತೆ ಪುಟಿಯುವ ಚೆಂಡು ಬಿಡಿಸಿ, ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಹಾರಿಸುವುದನ್ನು ಹೇಳಿಕೊಡುತ್ತಿದ್ದೆ. ಒಬ್ಬ ಹುಡುಗ ಬಹಳ ಅಚ್ಚುಕಟ್ಟು. ಬಾಟಲಿಯ ಮುಚ್ಚಳ ಇಟ್ಟು 24 ಚೆಂಡುಗಳನ್ನೂ ಒಂದೇ ಅಳತೆಯಲ್ಲಿ ದುಂಡಗೆ ಬರೆದಿದ್ದ. ಹಾಳೆ ಹಾರಿಸಿದರೆ ಚೆಂಡು ಕೆಳಗಿಳಿಯುತ್ತಿತ್ತು, ಮೇಲೆ ಹೋಗುತ್ತಿತ್ತು, ಪುಟಿಯುತ್ತಿರಲಿಲ್ಲ. ದಾರಕ್ಕೆ ಕಟ್ಟಿ ಇಳಿಬಿಟ್ಟ ಕಲ್ಲಿನ ಹಾಗಿತ್ತು. ನೆಲ ಮುಟ್ಟುವ ಹಾಳೆಯಲ್ಲಿ ಮಾತ್ರ ಚೆಂಡನ್ನು ಅಳಿಸಿ ಚಪ್ಪಟೆಯಾಗಿ ಬರೆ ಅಂದೆ. ‘ಚೆಂಡು ಹಾಗಿರಲ್ಲ ಮಿಸ್’ ಅಂದ. ಒಲ್ಲದ ಮನಸ್ಸಿನಿಂದಲೇ ಬರೆದು ಹಾಳೆ ಹಾರಿಸಿದ. ಚೆಂಡು ಪುಟಿಯಿತು. ಅವತ್ತು ಗಂಟೆ ಹೊಡೆದರೂ ಅವನು ಆ ಹಾಳೆಗಳನ್ನು ಬಿಡಲಿಲ್ಲ.

ಅನಿಮೇಷನ್ ಮಾಡುವವರು ಇದನ್ನು ‘ಸ್ಕ್ವಾಶ್ ಅಂಡ್ ಸ್ಟ್ರೆಚ್’ ಅನ್ನುತ್ತಾರೆ. ಡಿಸ್ನಿ ಸಂಸ್ಥೆಯಲ್ಲಿ ಬಾಳೆಲ್ಲ ದುಡಿದ ಫ್ರ್ಯಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ 12 ಸೂತ್ರಗಳಲ್ಲಿ ಇದೇ ಮೊದಲನೆಯದು. ಕಣ್ಣಿಗೆ ಕಾಣುವುದನ್ನು ಇದ್ದ ಹಾಗೇ ಇಳಿಸಿದರೆ ಜೀವ ಬರುವುದಿಲ್ಲ ಎಂಬುದನ್ನು ಅವರು ಸಾವಿರಾರು ಹಾಳೆ ಬರೆದು ಕಂಡುಕೊಂಡಿದ್ದರು.

ನನ್ನ ಎಂಟು ವರ್ಷದ ಮೊಮ್ಮಗಳ ಜೊತೆ ಕೂತು ‘ದಿ ಲಯನ್ ಕಿಂಗ್’ ಎರಡನ್ನೂ ನೋಡಿದ್ದೇನೆ. 1994ರದ್ದು ಕೈಯಲ್ಲಿ ಬಿಡಿಸಿದ್ದು, 2019ರದ್ದು ಕಂಪ್ಯೂಟರಿನಲ್ಲಿ ಮಾಡಿದ್ದು. ಹೊಸದರ ನಿರ್ದೇಶಕ ಜಾನ್ ಫಾವ್ರೋ ಹೇಳಿರುವಂತೆ, ಇಡೀ ಚಿತ್ರದಲ್ಲಿ ಕ್ಯಾಮೆರಾದಿಂದ ನಿಜವಾಗಿ ತೆಗೆದಿದ್ದು ಒಂದೇ ಒಂದು ದೃಶ್ಯ, ಆರಂಭದ ಸೂರ್ಯೋದಯ. ಅದು ಯಾವುದೆಂದು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ಅಪ್ಪಟ ಕೆಲಸ. ಅದನ್ನು ಮಾಡಿದವರ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಒಂದು ಸಂಜೆ ಫೋನ್ ಬಂತೆಂದು ಟಿವಿಯ ಸದ್ದು ನಿಲ್ಲಿಸಿದ್ದೆ. ಚಿತ್ರ ಓಡುತ್ತಲೇ ಇತ್ತು. ಮಗು ಕೇಳಿತು: ‘ಅಜ್ಜಿ, ಈ ಸಿಂಹ ಮಾತಾಡ್ತಿದೆಯಾ, ಆಕಳಿಸ್ತಿದೆಯಾ?’

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮರುದಿನ ಹಳೆಯದನ್ನು ಹಾಕಿ, ಬೇಕೆಂದೇ ಸದ್ದು ತೆಗೆದೆ. ತಂದೆ ಸತ್ತ ಮೇಲೆ ಮರಿ ಸಿಂಹ ಅವನ ಮುಂಗಾಲಿನ ಅಡಿಗೆ ನುಸುಳಿ ಮಲಗುವ ದೃಶ್ಯ. ಹುಬ್ಬು ನಡುವೆ ಎತ್ತಿ ಎರಡೂ ಬದಿಗೆ ಜಾರಿದೆ, ಕಿವಿ ಕುಗ್ಗಿದೆ. ಮೊಮ್ಮಗಳು ಏನೂ ಕೇಳದೆ ನನ್ನ ಸೆರಗು ಹಿಡಿದುಕೊಂಡಳು. ನಿಜವಾದ ಸಿಂಹಕ್ಕೆ ನಮ್ಮಂತೆ ಕುಣಿಸಲು ಹುಬ್ಬಿಲ್ಲ. ನಿಜದ ಮುಖವನ್ನೇ ಪಟ್ಟು ಹಿಡಿದು ಮಾಡಿದರೆ ಅಳು ಎಲ್ಲಿಂದ ಬರಬೇಕು? ಅದೇ ಚಿತ್ರದ, ರಾಜನಾಗಲು ಕಾತರಿಸುವ ಮರಿಯ ಹಾಡನ್ನೂ ಹೋಲಿಸಿ ನೋಡಿ. ಹಳೆಯದರಲ್ಲಿ ಆಕಾಶದ ಬಣ್ಣವೇ ಬದಲಾಗುತ್ತದೆ, ಪ್ರಾಣಿಗಳು ಒಂದರ ಮೇಲೊಂದು ಹತ್ತಿ ಗೋಪುರವಾಗುತ್ತವೆ. ಮಗುವಿನ ತಲೆಯೊಳಗಿನ ಲೋಕ ಅದು. ಹೊಸದರಲ್ಲಿ ಮರಿಗಳು ನೀರಿನ ಬಳಿ ಪ್ರಾಣಿಗಳ ನಡುವೆ ಓಡುತ್ತವೆ, ಅಷ್ಟೇ.

ಕಂಪ್ಯೂಟರಿನ ಮೇಲೆ ನನಗೆ ಸಿಟ್ಟಿಲ್ಲ. ಕೈಗೆಲಸದ ಆ ಕಲಾವಿದರೂ ಹೊಸ ಯಂತ್ರ ಬಂದಾಗಲೆಲ್ಲ ಕೈಚಾಚಿ ತೆಗೆದುಕೊಂಡವರೇ. ಡಿಸ್ನಿಯ 1961ರ ನಾಯಿಮರಿಗಳ ಚಿತ್ರ ‘101 ಡಾಲ್ಮೇಷಿಯನ್ಸ್’ಗೆ ಅಲ್ಲಿನ ತಂತ್ರಜ್ಞ ಅಬ್ ಐವರ್ಕ್ಸ್ ಜೆರಾಕ್ಸ್ ವಿಧಾನವನ್ನು ಒಗ್ಗಿಸಿದರು. ಅದಕ್ಕೆ ಮೊದಲು ಪ್ರತಿ ಗೆರೆಯನ್ನೂ ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದಬೇಕಿತ್ತು, ಆ ಕೆಲಸದಲ್ಲಿದ್ದವರು ಹೆಚ್ಚಾಗಿ ಹೆಂಗಸರು. ಜೆರಾಕ್ಸ್ ಬಂದ ಮೇಲೆ ಕಲಾವಿದನ ಪೆನ್ಸಿಲ್ ಗೆರೆಯೇ, ಅದರ ಒರಟುತನದ ಸಮೇತ, ಪರದೆಗೆ ಬಂತು. 1991ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಚಿತ್ರದ ನೃತ್ಯದ ಹಜಾರ ಕಂಪ್ಯೂಟರಿನದು, ಅದರಲ್ಲಿ ಕುಣಿಯುವ ಜೋಡಿ ಕೈಯಲ್ಲಿ ಬಿಡಿಸಿದ್ದು. ಯಂತ್ರ ಅಲ್ಲಿ ಗೆರೆಗೆ ಜಾಗ ಮಾಡಿಕೊಟ್ಟಿತ್ತು.

ಮತ್ತೆ ತಯಾರಿಸುವುದೇ ತಪ್ಪು ಎಂದೂ ನಾನು ಹೇಳುವುದಿಲ್ಲ. 2016ರ ‘ಜಂಗಲ್ ಬುಕ್’ ನನಗೆ ಹಿಡಿಸಿತು. 1967ರ ಚಿತ್ರದ ಕೊನೆಯಲ್ಲಿ ಹುಡುಗ ಊರು ಸೇರುತ್ತಾನೆ, ಇಲ್ಲಿ ಕಾಡಿನಲ್ಲೇ ಉಳಿಯುತ್ತಾನೆ. ಹೇಳಲು ಬೇರೆ ಮಾತಿತ್ತು. 2022ರಲ್ಲಂತೂ ಜೀವ ತಳೆದ ಮರದ ಗೊಂಬೆಯ ಕಥೆ ‘ಪಿನೋಕಿಯೊ’ ಎರಡು ಬಂದವು. ಒಂದು, 1940ರ ಡಿಸ್ನಿ ಚಿತ್ರವನ್ನೇ ನಟರು ಮತ್ತು ಕಂಪ್ಯೂಟರ್ ಗೊಂಬೆಯೊಂದಿಗೆ ಮತ್ತೆ ಮಾಡಿದ್ದು. ಇನ್ನೊಂದರಲ್ಲಿ ನಿರ್ದೇಶಕ ಗಿಲ್ಯೆರ್ಮೊ ಡೆಲ್ ಟೋರೊ ಕಥೆಯನ್ನು ಮುಸೊಲಿನಿಯ ಇಟಲಿಗೆ ಒಯ್ದು, ನಿಜವಾದ ಗೊಂಬೆಗಳನ್ನು ಕೈಯಿಂದ ಚೂರು ಚೂರೇ ಸರಿಸಿ ಚಿತ್ರ ತೆಗೆದರು. ಆಸ್ಕರ್ ಬಂದಿದ್ದು ಎರಡನೆಯದಕ್ಕೆ.

ನನ್ನ ಆತಂಕ ಇರುವುದು ಜಿಂಕೆಮರಿಯೊಂದರ ಕಥೆಯಾದ ಡಿಸ್ನಿಯ ‘ಬ್ಯಾಂಬಿ’ಯ ಬಗ್ಗೆ. ಅದನ್ನೂ ಹೊಸದಾಗಿ ಮಾಡುವ ಸುದ್ದಿ 2020ರಿಂದಲೇ ಇದೆ. 1942ರ ಆ ಚಿತ್ರ ತಯಾರಾಗುವಾಗ ಸ್ಟುಡಿಯೊಗೆ ಜೀವಂತ ಜಿಂಕೆಮರಿಗಳನ್ನೇ ತಂದಿದ್ದರು. ಕಲಾವಿದರು ಅವುಗಳ ಮೂಳೆ, ಸ್ನಾಯು, ನಡಿಗೆ ಎಲ್ಲ ಅಭ್ಯಾಸ ಮಾಡಿದರು. ಆಮೇಲೆ ಅವರಲ್ಲೊಬ್ಬರಾದ ಮಾರ್ಕ್ ಡೇವಿಸ್ ಹಸುಗೂಸುಗಳ ಮುಖಭಾವವನ್ನು ಜಿಂಕೆಯ ಮುಖಕ್ಕೆ ತಂದರು. ನಿಜದ ಜಿಂಕೆ ಕಣ್ಣೆದುರೇ ಇತ್ತು, ಅದನ್ನು ದಾಟಿ ಹೋದರು.

ಇನ್ನು ಆ ಕಾಡು. ಮೊದಲು ಬರೆದ ಹಿನ್ನೆಲೆಗಳಲ್ಲಿ ಎಲೆ ಎಲೆಯೂ ಸ್ಪಷ್ಟವಾಗಿತ್ತು. ಅಷ್ಟೊಂದು ಎಲೆಗಳ ನಡುವೆ ಜಿಂಕೆಯೇ ಕಾಣುತ್ತಿರಲಿಲ್ಲ. ಆಗ ಟೈರಸ್ ವಾಂಗ್ ಎಂಬ ತರುಣ ಕೆಲವು ಚಿಕ್ಕ ಚಿತ್ರಗಳನ್ನು ಮಾಡಿ ತೋರಿಸಿದರು. ಚೀನಾದಲ್ಲಿ 1910ರಲ್ಲಿ ಹುಟ್ಟಿ, ಬಾಲಕನಾಗಿದ್ದಾಗಲೇ ತಂದೆಯೊಂದಿಗೆ ಅಮೆರಿಕಕ್ಕೆ ಬಂದವರು ಅವರು. ಚೀನಾದ ಸುಂಗ್ ರಾಜವಂಶದ ಕಾಲದ ನಿಸರ್ಗಚಿತ್ರಗಳ ಒಲವು ಅವರ ಕುಂಚದಲ್ಲಿತ್ತು. ಅವರ ಕಾಡಿನಲ್ಲಿ ಮರ ಅಂದರೆ ಮಂಜಿನೊಳಗಿನ ಒಂದು ನೆರಳು, ಹುಲ್ಲು ಅಂದರೆ ಕುಂಚದ ನಾಲ್ಕು ಎಳೆತ. ನಡುವೆ ಬೆಳಕು ಬಿದ್ದಲ್ಲಿ ಜಿಂಕೆ. ಇಡೀ ಚಿತ್ರದ ಕಾಡು ಅದೇ ದಾರಿ ಹಿಡಿಯಿತು. ತಾಯಿಯನ್ನು ಕಳೆದುಕೊಂಡ ಮರಿ ಹಿಮದಲ್ಲಿ ಕೂಗುತ್ತಾ ಹುಡುಕುವಾಗ ಪರದೆಯ ಮೇಲೆ ಹೆಚ್ಚೇನೂ ಇಲ್ಲ. ಬಿಳಿ, ಬೂದು, ಮಬ್ಬಾದ ಮರಗಳು. ಆ ಖಾಲಿಯೇ ಎದೆ ಹಿಂಡುವುದು.

ನಮ್ಮ ಭಾಷೆಯಲ್ಲಿ ಚಿತ್ರವನ್ನು ‘ಬಿಡಿಸುತ್ತೇವೆ’. ಯಾವುದನ್ನು ಬಿಡಬೇಕೆಂದು ಗೊತ್ತಿಲ್ಲದವನಿಗೆ ಬಿಡಿಸಲು ಬರುವುದಿಲ್ಲ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ವಾಂಗ್ ಬಿಟ್ಟ ಎಲೆಗಳನ್ನೆಲ್ಲ ಕಂಪ್ಯೂಟರ್ ಒಂದೂ ತಪ್ಪದಂತೆ ತಂದು ಜೋಡಿಸಿಬಿಟ್ಟರೆ ಆ ಹಿಮದ ಗತಿಯೇನು?

ಹೊಸ ತಂತ್ರಜ್ಞಾನಕ್ಕೆ ಬೇರೆ ದೊಡ್ಡ ಕೆಲಸ ಕಾದಿದೆ. 1950ರ ‘ಸಿಂಡರೆಲ್ಲಾ’ವನ್ನು ಡಿಸ್ಕಿಗೆ ತರುವಾಗ ಧೂಳು, ಫಿಲ್ಮಿನ ಕಣ ಅಳಿಸುವ ಭರದಲ್ಲಿ ಅವಳ ಉಡುಪಿನ ಮಡಿಕೆಯ ಸಣ್ಣ ಗೆರೆಗಳೂ ಅಳಿದುಹೋಗಿದ್ದವು. 2023ರಲ್ಲಿ 4ಕೆ ಎಂಬ ಅತಿ ಸ್ಪಷ್ಟ ಗುಣಮಟ್ಟದಲ್ಲಿ ಅದನ್ನು ಹೊಸದಾಗಿ ಸರಿಪಡಿಸಿ ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಿದರು. ಜಪಾನ್ ಮತ್ತು ಭಾರತದ ಕಲಾವಿದರು ಸೇರಿ ಮಾಡಿದ 1993ರ ರಾಮಾಯಣದ ಅನಿಮೇಷನ್ ಚಿತ್ರವೂ 2025ರಲ್ಲಿ 4ಕೆಯಲ್ಲಿ ಚಿತ್ರಮಂದಿರಕ್ಕೆ ಮರಳಿತು. ಇಂಥ ಕೆಲಸಕ್ಕೆ ಬರುವ ಹಣ ಎಷ್ಟೋ ಕಡಿಮೆ, 2019ರ ಸಿಂಹ 160 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು ಎಂಬುದು ನನಗೆ ಗೊತ್ತು. ಹಾಗಿದ್ದರೂ ಆ ಗಳಿಕೆಯಲ್ಲಿ ಒಂದು ಪಾಲನ್ನು ಹಳೆಯ ಗೆರೆಗಳನ್ನು ಉಳಿಸಲು ಇಡಲಿ, ಹೊಸ ಚಿತ್ರ ತೋರಿಸುವ ಕಡೆಯೆಲ್ಲ ಹಳೆಯದೂ ಮಕ್ಕಳ ಕೈಗೆ ಸಿಗಲಿ.

ತಮ್ಮಲ್ಲಿ ಒಂದು ವಿನಂತಿ. ‘ಬ್ಯಾಂಬಿ’ ಹೊಸದಾಗಿ ಬಂದ ದಿನ ಪತ್ರಿಕೆಯಲ್ಲಿ ಅದರ ಬಗ್ಗೆ ಖಂಡಿತ ಬರೆಯುತ್ತೀರಿ. ಆಗ ಪಕ್ಕದಲ್ಲಿ ವಾಂಗ್ ಅವರ ಕಾಡಿನ ಒಂದು ಚಿತ್ರವನ್ನೂ ಅಚ್ಚು ಹಾಕಿ. ಅಂಗೈಯಗಲ ಇದ್ದರೂ ಸಾಕು. 1942ರ ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಅವರನ್ನು ಹಿನ್ನೆಲೆ ಕಲಾವಿದರಲ್ಲಿ ಒಬ್ಬರೆಂದಷ್ಟೇ ತೋರಿಸಿದ್ದರು, ಅಷ್ಟರಲ್ಲಿ ಕೆಲಸವನ್ನೂ ಕಳೆದುಕೊಂಡಿದ್ದರು. ಚಿತ್ರದ ಕೆಳಗೆ ಅವರ ಹೆಸರು ಹಾಕುವುದನ್ನು ದಯವಿಟ್ಟು ಮರೆಯಬೇಡಿ.

– ನಿವೃತ್ತ ಚಿತ್ರಕಲಾ ಶಿಕ್ಷಕಿ